ಮುರಿದ ನೀಡಲ್ಲಿನ ತುದಿ

ಸೊಣ್ಣಮ್ಮ ಮಾಕಳಿದುರ್ಗದ ತಪ್ಪಲಿನ ಊರಿನವಳು. ಸೌದೆಗೆ ಹೋದಾಗ ಚಿರತೆಯ ಹೆಜ್ಜೆ ಕಂಡರೆ, ಅದರ ದಾರಿ ಅದಕ್ಕೆ, ನಮ್ಮ ದಾರಿ ನಮಗೆ ಅಂದುಕೊಂಡು ಮುಂದೆ ನಡೆದವಳು. ಅಂಥವಳು ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಇಂಗ್ಲಿಷ್ ಮಾತಿಗೆ ಹೆದರುತ್ತಿದ್ದಳು. ಆ ಮಾತು ನೀಡಲ್.

ನೀಡಲ್ ಅಂದರೆ ಸೂಜಿ. ಅಷ್ಟು ಅವಳಿಗೂ ಗೊತ್ತಿತ್ತು. ಆದರೆ ಮನೆಯ ಸೂಜಿ ಬೇರೆ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನ ನೀಡಲ್ ಬೇರೆ. ಮನೆಯ ಸೂಜಿ ಕ್ಯಾಲೆಂಡರಿಗೆ ಚುಚ್ಚಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಗುಂಡಿ ಹೊಲಿಯಲು ಬೇಕು, ಕಾಲಿನ ಮುಳ್ಳು ತೆಗೆಯಲು ಬೇಕು. ದೀಪ ಹಚ್ಚಿದ ಮೇಲೆ ಪಕ್ಕದ ಮನೆಯವರು ಕೇಳಿದರೂ ಕೊಡಬಾರದು. ಕಳೆದುಹೋದರೆ ಎರಡು ದಿನ ನೋಡಿಕೊಂಡು ಕಾಲಿಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ.

ಗಾರ್ಮೆಂಟ್ಸಿನಲ್ಲಿ ಮರೆಯುವ ಹಾಗಿಲ್ಲ. ಅಲ್ಲಿ ಸೂಜಿ ಎಂದು ಯಾರೂ ಅನ್ನುವುದೂ ಇಲ್ಲ. ‘ನೀಡಲ್ ಕಟ್ಟಾಯ್ತು’ ಅನ್ನುತ್ತಾರೆ. ಹಾಗೆ ಅಂದ ಕೂಡಲೇ ಆಚೀಚೆಯವರ ಕೈ ನಿಲ್ಲುತ್ತದೆ. ಮುರಿದ ಚೂರುಗಳನ್ನೆಲ್ಲ ಹುಡುಕಿ, ನೀಡಲ್ ಕೌಂಟರಿಗೆ ಒಯ್ದು, ಒಂದಕ್ಕೊಂದು ಜೋಡಿಸಿ, ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಿದರೆ ಮಾತ್ರ ಹೊಸದು ಸಿಗುತ್ತದೆ. ಒಂದು ಚೂರು ಸಿಗದಿದ್ದರೂ ಹೊಲಿದ ಬಟ್ಟೆಯನ್ನೆಲ್ಲ ಬಿಚ್ಚಿ ನೋಡಬೇಕು. ಲೈನ್ ನಿಲ್ಲುತ್ತದೆ, ಟಾರ್ಗೆಟ್ ಬೀಳುತ್ತದೆ, ಮೂವತ್ತು ಹೆಂಗಸರು ತಲೆಯೆತ್ತಿ ಮುರಿದವಳನ್ನೇ ನೋಡುತ್ತಾರೆ.

ಅದಕ್ಕೇ ಹಳಬರು ಕೆಲವರು ಒಂದು ಉಪಾಯ ಮಾಡಿಕೊಂಡಿದ್ದರು. ಪೇಟೆಯಲ್ಲಿ ಅದೇ ನಂಬರಿನ ನೀಡಲ್ ಕೊಂಡು, ಚೂರು ಬಟ್ಟೆಯಲ್ಲಿ ಸುತ್ತಿ, ತಾಳಿಯ ಹಿಂದೆ ಕಟ್ಟಿಕೊಳ್ಳುವುದು; ಮುರಿದರೆ ಯಾರಿಗೂ ಹೇಳದೆ ಅದನ್ನೇ ಹಾಕಿಕೊಳ್ಳುವುದು. ಗೇಟಿನಲ್ಲಿ ಮೈ ತಡವಿ ನೋಡುವ ಹೆಂಗಸು ತಾಳಿಗೆ ಮಾತ್ರ ಕೈ ಹಚ್ಚುತ್ತಿರಲಿಲ್ಲ. ಹೋದ ವರ್ಷ ಪಿಳ್ಳಮ್ಮ ಹೀಗೆ ಮಾಡಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡಳು. ಆದರೂ ಸೊಣ್ಣಮ್ಮ ಕಟ್ಟಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ಗಂಡ ಪಾಪಯ್ಯನಿಗೆ ಮಂಡಿ ಹೋಗಿ ಮೂರು ವರ್ಷ. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ.

ಅವತ್ತು ಶನಿವಾರ. ಊಟ ಮುಗಿಸಿ ಕೂತು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಆರು ತಿಂಗಳ ಕೂಸುಗಳ ಅಂಗಿ. ಕತ್ತಿನ ಪಟ್ಟಿ ಕೂರಿಸುವುದು ಸೊಣ್ಣಮ್ಮನ ಕೆಲಸ. ಟಕ್ ಅಂತು. ಮೇಲಿನ ತುಂಡು ಮಿಷನ್ನಿನಲ್ಲೇ ಉಳಿಯಿತು, ನಡುವಿನದು ಮೇಜಿನ ಮೇಲೆ ಬಿತ್ತು. ಅವಳು ಯೋಚಿಸಲಿಲ್ಲ. ಕೈ ತಾನಾಗಿ ತಾಳಿಗೆ ಹೋಯಿತು. ಎರಡು ನಿಮಿಷದಲ್ಲಿ ಬೇರೆ ನೀಡಲ್ ಹಾಕಿ, ಉಳಿದ ಅಂಗಿಗಳನ್ನು ಹೊಲಿದು, ಬಂಡಲ್ ಕಟ್ಟಿ ಮುಂದಕ್ಕೆ ತಳ್ಳಿಬಿಟ್ಟಳು.

ಆಮೇಲೆ ತುದಿ ಹುಡುಕಿದಳು. ಮೇಜಿನ ಮೇಲೆ ಇಲ್ಲ. ಮಡಿಲಲ್ಲಿ ಇಲ್ಲ. ನೆಲವನ್ನು ಅಂಗೈಯಲ್ಲಿ ಸವರಿದಳು. ಇಲ್ಲ.

“ಏನಕ್ಕಾ, ಚಿನ್ನ ಬೀಳಿಸ್ಕೊಂಡ್ರಾ?” ಪಕ್ಕದ ಮಿಷನ್ನಿನ ಪ್ರಿಯಾಂಕ ನಕ್ಕಳು.

“ನೀಡಲ್ ತುದಿ ಸಿಕ್ತಿಲ್ಲ ಕಣೇ.”

ಪ್ರಿಯಾಂಕಳ ನಗು ನಿಂತಿತು. “ಅಯ್ಯೋ, ನನ್ನ ಹತ್ರ ಹೇಳ್ಬೇಡಿ. ನಾನು ಕೇಳಿಸ್ಕೊಂಡೇ ಇಲ್ಲ.” ನಾಲ್ಕು ಹೊಲಿಗೆ ಹಾಕಿ ಮತ್ತೆ ಪಿಸುಗುಟ್ಟಿದಳು: “ಪ್ಯಾಕಿಂಗಲ್ಲಿ ಕಬ್ಬಿಣ ಕಂಡ್ರೆ ಕೂಗೋ ಮಿಷನ್ ಇದೆಯಲ್ಲ, ಅದು ಹಿಡಿಯುತ್ತೆ ಬಿಡಿ.”

“ಹಿಡಿದ್ರೆ ಬಂಡಲ್ ಚೀಟಿಯಲ್ಲಿ ನನ್ನ ನಂಬರೇ ಇರೋದು.”

“ಹಿಡೀದಿದ್ರೆ?”

ಸೊಣ್ಣಮ್ಮ ಪೆಡಲಿನಿಂದ ಕಾಲು ತೆಗೆದಳು. ಎಲ್ಲೋ ಹೆಸರು ಗೊತ್ತಿಲ್ಲದ ಊರಿನ ಒಂದು ಕೂಸು ಕಣ್ಣ ಮುಂದೆ ಬಂತು. ಅದಕ್ಕೆ ಮಾತು ಬಾರದು, ಎಲ್ಲಿ ಚುಚ್ಚುತ್ತಿದೆ ಎಂದು ಹೇಳಲಾರದು. ಅತ್ತರೆ ತಾಯಿ ಹಸಿವೋ ದೃಷ್ಟಿಯೋ ಎಂದು ಎತ್ತಿ ಎದೆಗೆ ಒತ್ತಿಕೊಳ್ಳುತ್ತಾಳೆ. ಒತ್ತಿದಷ್ಟೂ ನೀಡಲ್ ತುದಿ ಒಳಗೆ ಇಳಿಯುತ್ತದೆ.

ಬಂಡಲ್‌ಗಳನ್ನು ಹೊತ್ತ ಗಾಡಿ ಪ್ಯಾಕಿಂಗ್ ಕಡೆಗೆ ಹೊರಟಿತು. ಸೊಣ್ಣಮ್ಮ ಎದ್ದಳು. ಸಿಕ್ಕಿದ್ದ ಎರಡು ಚೂರನ್ನು ಅಂಗೈಗೆ ಹಾಕಿಕೊಂಡಳು.

“ಕೂತ್ಕೊಳ್ಳಿ ಅಕ್ಕಾ, ಪಿಳ್ಳಮ್ಮನ ಗತಿ ಮರೆತುಹೋಯ್ತಾ?” ಪ್ರಿಯಾಂಕ ಸೆರಗು ಎಳೆದಳು.

ಸೆರಗು ಬಿಡಿಸಿಕೊಂಡು ನೀಡಲ್ ಕೌಂಟರಿಗೆ ಹೋಗಿ ಎರಡು ಚೂರು ಇಟ್ಟಳು. ಕೌಂಟರಿನ ಕೀರ್ತನ ಅವನ್ನು ಜೋಡಿಸಿ ನೋಡಿ, “ತುದಿ ಎಲ್ಲಮ್ಮಾ?” ಅಂದಳು.

“ಗೊತ್ತಿಲ್ಲ ಮೇಡಂ. ಆಗಲೇ ಕಟ್ಟಾಯ್ತು. ಬಂಡಲ್ ಹೋಗ್ತಾ ಇದೆ. ಮೊದಲು ನಿಲ್ಲಿಸಿ.”

“ಆಗಲೇ ಅಂದ್ರೆ? ಇಷ್ಟೊತ್ತು ಯಾವುದರಲ್ಲಿ ಹೊಲಿದ್ರಿ?”

ಸೊಣ್ಣಮ್ಮ ತಾಳಿಯ ಹಿಂದಿನ ಖಾಲಿ ಚೂರು ಬಟ್ಟೆಯನ್ನು ಬಿಚ್ಚಿ ಕೌಂಟರಿನ ಮೇಲಿಟ್ಟಳು. ಕೀರ್ತನ ಸೂಪರ್‌ವೈಸರ್ ಹರಿಪ್ರಸಾದನನ್ನು ಕೂಗಿದಳು. ಗಾಡಿ ನಿಂತಿತು, ಲೈನೂ ನಿಂತಿತು.

“ಏನಮ್ಮಾ, ಶನಿವಾರ ನೋಡ್ಕೊಂಡು ತಲೆ ಮೇಲೆ ಕಲ್ಲು ಹಾಕಿದ್ರಲ್ಲ!” ಹರಿಪ್ರಸಾದ ಬಂಡಲ್ ಬಿಚ್ಚಿ ಮೇಜಿನ ಮೇಲೆ ಸುರಿದ. ನಲವತ್ತು ಅಂಗಿ.

ಅಂಗಿಗಳ ರಾಶಿಯ ಮೇಲೆ ಅಯಸ್ಕಾಂತ ಆಡಿಸಿದರು, ಏನೂ ಅಂಟಲಿಲ್ಲ. “ಕೆಳಗೆಲ್ಲೋ ಬಿದ್ದಿರುತ್ತೆ, ಕಸದಲ್ಲಿ ಹೋಗಿರುತ್ತೆ” ಎಂದು ಯಾರೋ ಅಂದರು. ಸೊಣ್ಣಮ್ಮ ಒಪ್ಪಲಿಲ್ಲ. ಒಂದೊಂದೇ ಅಂಗಿ ತೆಗೆದು, ಕತ್ತಿನ ಪಟ್ಟಿಯನ್ನು ಎರಡು ಬೆರಳ ನಡುವೆ ಒತ್ತಿ ಒತ್ತಿ ನೋಡತೊಡಗಿದಳು. ಹತ್ತಾಯಿತು, ಇಪ್ಪತ್ತಾಯಿತು. ಇಪ್ಪತ್ತೇಳನೆಯ ಅಂಗಿಯ ಪಟ್ಟಿ ಒತ್ತಿದಾಗ ಹೆಬ್ಬೆರಳಿಗೆ ಚುಚ್ಚಿತು. ಬಿಳಿಯ ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತ.

“ಸಿಕ್ತು” ಅಂದಳು. ಅಯ್ಯೋ ಅನ್ನಲೂ ತೋಚಲಿಲ್ಲ.

ಕೀರ್ತನ ಹೊಲಿಗೆ ಬಿಚ್ಚಿ ತುದಿಯನ್ನು ತೆಗೆದು, ಮೂರೂ ಚೂರು ಜೋಡಿಸಿ ಅಂಟಿಸಿದಳು. ಹರಿಪ್ರಸಾದ ಸೊಣ್ಣಮ್ಮನ ಮಿಷನ್ನಿನಿಂದ ಹೊರಗಿನ ನೀಡಲ್ಲನ್ನೂ ಬಿಚ್ಚಿ ತಂದು ಪಕ್ಕದಲ್ಲಿಟ್ಟ.

“ಸೋಮವಾರ ಲೈನಿಗೆ ಹೋಗ್ಬೇಡಿ. ನೇರ ಆಫೀಸಿಗೆ ಬನ್ನಿ.”

“ಕೆಲಸ ಹೋಯ್ತಾ ಸಾರ್?”

“ನನ್ನ ಕೈಲಿಲ್ಲಮ್ಮಾ. ಮೇಲಿನೋರು ಹೇಳ್ಬೇಕು.” ಅವನ ದನಿ ಮೊದಲಿನಷ್ಟು ಜೋರಾಗಿರಲಿಲ್ಲ. “ಹೋಗಿ, ಬೆರಳಿಗೆ ಏನಾದ್ರೂ ಹಚ್ಕೊಳ್ಳಿ.”

ಸೊಣ್ಣಮ್ಮ ಹೋಗಲಿಲ್ಲ. “ಆ ಅಂಗಿ?” ಅಂದಳು.

“ಅದಿನ್ನು ವೇಸ್ಟು.” ಅವನು ಕತ್ತರಿಗಾಗಿ ಆಚೀಚೆ ಹುಡುಕಿದ. ಸೊಣ್ಣಮ್ಮ ತನ್ನ ಮೇಜಿನ ಕತ್ತರಿಯನ್ನೇ ತಂದುಕೊಟ್ಟು, ಅಂಗಿ ಎರಡು ತುಂಡಾಗಿ ಬುಟ್ಟಿಗೆ ಬೀಳುವವರೆಗೂ ಅಲ್ಲೇ ನಿಂತಿದ್ದಳು.