ಮೊಳೆ ಜೋಡಿಸುತ್ತಿದ್ದ ಶಿವಲಿಂಗಯ್ಯ ಜಾಗ ಖಾಲಿ ಮಾಡಿದ್ದು

ಚಾಮರಾಜಪೇಟೆಯ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಒಂದೇ ಕೋಣೆಯಲ್ಲಿ ಶಿವಲಿಂಗಯ್ಯನವರ ಡಿಟಿಪಿ ಅಂಗಡಿ. ಹದಿನೇಳನೇ ವಯಸ್ಸಿಗೆ ಅಚ್ಚುಕೂಟ ಸೇರಿ ಅಕ್ಷರಕ್ಕೊಂದರಂತೆ ಇರುವ ಸೀಸದ ಮೊಳೆ ಜೋಡಿಸಲು ಕಲಿತವರು ಅವರು. ಅಚ್ಚುಕೂಟ ಮುಚ್ಚಿ, ಮೊಳೆಗಳೆಲ್ಲ ತೂಕಕ್ಕೆ ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತರು. ಆದರೆ ಆ ಅಕ್ಷರಗಳು ಮನಸ್ಸಿನಿಂದ ಇಳಿಯಲಿಲ್ಲ. ಅಚ್ಚುಕೂಟದ ಹಳೆಯ ಕರಡು ಹಾಳೆಗಳನ್ನು ಹುಡುಕಿ ತಂದು, ಸ್ಕ್ಯಾನ್ ಮಾಡಿ, ಒಂದೊಂದೇ ಅಕ್ಷರದ ಅಂಚು ತಿದ್ದಿ, ಒಂಬತ್ತು ವರ್ಷದಲ್ಲಿ ಒಂದು ಫಾಂಟ್ ಮಾಡಿದರು. ಒತ್ತಕ್ಷರವೂ ಸೇರಿ ಎಂಟುನೂರ ಹನ್ನೆರಡು ಆಕಾರ. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಕಂಪ್ಯೂಟರ್ ಓದುತ್ತಿದ್ದ, ಅಂಗಡಿಗೆ ಬಂದುಹೋಗುತ್ತಿದ್ದ ಶಶಿಕುಮಾರ್ ಅದನ್ನು ಅಲ್ಲಿನ ಕಂಪ್ಯೂಟರ್ ನಡೆಸುವ ಲಿನಕ್ಸ್‌ಗೆ ಹೊಂದುವ ಪ್ಯಾಕೇಜಾಗಿ ಕಟ್ಟಿಕೊಟ್ಟಿದ್ದ. ಇನ್ನೊಂದಿಷ್ಟು ತಿದ್ದಿ, ಎಲ್ಲರಿಗೂ ಪುಕ್ಕಟೆ ಹಂಚಿಬಿಡಬೇಕು ಎಂಬುದೊಂದೇ ಶಿವಲಿಂಗಯ್ಯನವರ ಆಸೆ.

ಈ ಬೇಸಿಗೆಯಲ್ಲಿ ಪ್ರಿಂಟರ್ ಕೆಟ್ಟಿತು. ಹೊಸದನ್ನು ತಂದರೆ ಹಳೆಯ ಲಿನಕ್ಸ್ ಅದನ್ನು ಗುರುತಿಸಲೇ ಇಲ್ಲ. ಹೊಸ ಆವೃತ್ತಿ ಹಾಕಲೇಬೇಕಾಯಿತು. ಮೊದಲು ಗಿರಾಕಿಗಳ ಫೈಲುಗಳನ್ನು ಪೆನ್ ಡ್ರೈವ್‌ಗೆ ಹಾಕಿದರು. ಅಷ್ಟಕ್ಕೇ ಅದು ತುಂಬಿತು. ಆಮೇಲೆ ಅಪ್‌ಗ್ರೇಡ್ ಒತ್ತಿದರೆ, ಡಿಸ್ಕಿನಲ್ಲಿ ಇನ್ನೂ ನಾಲ್ಕು ಜಿಬಿ ಜಾಗ ಬೇಕು ಎಂದಿತು. ಹಿಂದೆ ಇಳಿಸಿಕೊಂಡಿದ್ದ ಪ್ಯಾಕೇಜುಗಳನ್ನು ಅಳಿಸಿದರು. ಲಿನಕ್ಸಿನ ಹಳೆಯ ಕರ್ನಲ್ ಫೈಲುಗಳನ್ನು ತೆಗೆದರು. ಆದರೂ ಎರಡು ಜಿಬಿ ಕಡಿಮೆ.

ದೊಡ್ಡ ಫೋಲ್ಡರ್ ಅಂತ ಉಳಿದದ್ದು ಒಂದೇ. ಫಾಂಟಿನ ಸ್ಕ್ಯಾನುಗಳು, ಕೆಲಸದ ಫೈಲುಗಳು ಅದರಲ್ಲಿದ್ದವು.

ಅಚ್ಚುಕೂಟದಲ್ಲಿ ಪುಟ ಅಚ್ಚಾದ ಮೇಲೆ ಕಟ್ಟು ಬಿಚ್ಚಿ, ಮೊಳೆಗಳನ್ನು ಅವುಗಳ ಖಾನೆಗೆ ಹಾಕಿ, ಮೇಜು ಒರೆಸಿಯೇ ಮನೆಗೆ ಹೋಗುತ್ತಿದ್ದರು. ಮೊಳೆ ಖಾನೆಯಲ್ಲಿದ್ದರೆ ಮುಗಿಯಿತು, ಮೇಜಿನ ಮೇಲೆ ಏನೂ ಉಳಿಯಬೇಕಾಗಿಲ್ಲ. ಫಾಂಟೂ ಸಿಸ್ಟಮ್ಮಿನೊಳಗೆ ತನ್ನ ಖಾನೆ ಸೇರಿದೆ ಎಂದುಕೊಂಡು ಫೋಲ್ಡರನ್ನು ಅಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಅಪ್‌ಗ್ರೇಡ್ ಮುಗಿಯುತ್ತ ಬಂದು ಒಂದು ಪ್ರಶ್ನೆ ಕೇಳಿತು. ನೂರ ನಲವತ್ತಮೂರು ಪ್ಯಾಕೇಜುಗಳು ಇನ್ನು ಬೇಕಿಲ್ಲ, ತೆಗೆಯಲೇ? ಶಿವಲಿಂಗಯ್ಯ ಕನ್ನಡಕ ಒರೆಸಿಕೊಂಡು, ತೆರೆಯ ಮೇಲೆ ಬೆರಳಿಟ್ಟು ಪ್ರತಿಯೊಂದು ಹೆಸರನ್ನೂ ಓದಿದರು. ಯಾವುದೂ ಪರಿಚಯದ್ದಲ್ಲ. ಶಶಿಕುಮಾರ್ ತನ್ನ ಕಾಲೇಜಿನ ರಿಜಿಸ್ಟರ್ ನಂಬರನ್ನೇ ಫಾಂಟಿನ ಪ್ಯಾಕೇಜಿಗೆ ಹೆಸರಾಗಿ ಇಟ್ಟಿದ್ದು, ಅದೂ ಆ ಪಟ್ಟಿಯಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ. ಹೌದು ಎಂದು ಒತ್ತಿದರು.

ಯಂತ್ರ ಮತ್ತೆ ಶುರುವಾದಾಗ ಫಾಂಟುಗಳ ಪಟ್ಟಿಯಲ್ಲಿ ಅವರ ಅಕ್ಷರ ಇರಲಿಲ್ಲ. ಶಶಿಕುಮಾರ್‌ಗೆ ಫೋನ್ ಮಾಡಿದರು.

"ಅದನ್ನ ಕಟ್ಟಿದ್ ಲ್ಯಾಪ್‌ಟಾಪ್ ಮಾರ್ಬಿಟ್ಟೆ ಅಂಕಲ್. ನಿಮ್ಮತ್ರ ಫೋಲ್ಡರ್ ಇದ್ಯಲ್ಲ, ಹತ್ತು ನಿಮಿಷದಲ್ಲಿ ಮತ್ತೆ ಕಟ್ಕೊಡ್ತೀನಿ ಬಿಡಿ."

"ಅದನ್ನ ಅಳಿಸ್ಬಿಟ್ಟೆ ಕಣಪ್ಪ. ಜಾಗ ಸಾಲ್ಲಿಲ್ಲ."

"ಅಪ್‌ಗ್ರೇಡ್‌ಗಿಂತ ಮುಂಚೆನಾ? ಅಯ್ಯೋ ಅಂಕಲ್, ಆ ಜಾಗದ ಮೇಲೇ ಹೊಸದೆಲ್ಲ ಬಂದು ಕೂತಿರತ್ತೆ."

ಭಾನುವಾರ ಅವನೇ ಬಂದು ಸಂಜೆಯವರೆಗೂ ಹುಡುಕಿದ. ಮೂವತ್ತೊಂದು ಆಕಾರ ಸಿಕ್ಕವು, ಅವೂ ಅರ್ಧಂಬರ್ಧ. ಹೋಗುವಾಗ ಶಿವಲಿಂಗಯ್ಯನವರ ಮುಖ ನೋಡಲಾರದೆ ಚಪ್ಪಲಿ ನೋಡುತ್ತ ಹೋದ.

"ಮತ್ತೆ ಶುರು ಮಾಡಿ. ಹಳೇ ಹಾಳೆ ಇದಾವಲ್ಲ?" ಎಂದರು ಹೆಂಡತಿ ದಾಕ್ಷಾಯಣಮ್ಮ.

"ಗೆದ್ದಲು ಹತ್ತಿದೆ ಅಂತ ಹೋದ್ವರ್ಷ ನಾವೇ ಸುಟ್ವಲ್ಲೇ."

"ಹಂಗಾದ್ರೆ ನೆನಪಿಂದ ಬರೀರಿ. ನಿಮಗೆ ಗೊತ್ತಿಲ್ದಿರೋ ಅಕ್ಷರ ಯಾವ್ದಿದೆ?"

"ನಂಗೀಗ ಅರವತ್ತನಾಲ್ಕು. ಒಂಬತ್ತು ವರ್ಷ ಕೂಡಿಸ್ಕೋ, ನೀನೇ ಹೇಳು."

ದಾಕ್ಷಾಯಣಮ್ಮ ಒಂದು ಬಿಳಿ ಹಾಳೆ ತಂದು ಮುಂದಿಟ್ಟರು.

ಶಿವಲಿಂಗಯ್ಯ ಎರಡು ದಿನ ಕೂತು ನೆನಪಿನಿಂದ 'ಅ' ಬರೆದರು. ಅಕ್ಷರದ ಹೊಟ್ಟೆಯ ತಿರುವು ಒಮ್ಮೆ ಹಿಗ್ಗುತ್ತಿತ್ತು, ಒಮ್ಮೆ ಕುಗ್ಗುತ್ತಿತ್ತು. ಸರಿಯಾದದ್ದು ಯಾವುದು ಎಂದು ಕಣ್ಣಿಗೇ ತಿಳಿಯದಾಯಿತು. ಮೂರನೇ ದಿನ ಬರೆಯಲಿಲ್ಲ.

ಆ ವಾರ, ಹಳೆಯ ಗಿರಾಕಿ ನಾಗಭೂಷಣ್ ಗೃಹಪ್ರವೇಶದ ಕಾರ್ಡಿಗೆ ಬಂದರು. ಶಿವಲಿಂಗಯ್ಯ ಸಿಸ್ಟಮ್ಮಿನ ಜೊತೆಗೇ ಬಂದಿದ್ದ ಫಾಂಟಿನಲ್ಲಿ ಟೈಪ್ ಮಾಡಿ ಕರಡು ಕೊಟ್ಟರು. ನಾಗಭೂಷಣ್ ಅದನ್ನು ಬೆಳಕಿಗೆ ಹಿಡಿದು ಓದಿದರು.

"ಚೆನ್ನಾಗಿ ಬಂದಿದೆ. ಮಗಳ ನಾಮಕರಣಕ್ಕೆ ಹಾಕಿದ್ರಲ್ಲ, ಅದೇ ಅಕ್ಷರ ತಾನೇ ಇದು?"

ಆ ಕಾರ್ಡು ತಾವು ಮಾಡಿದ ಫಾಂಟಿನದು. ಶಿವಲಿಂಗಯ್ಯ ಅವರನ್ನೇ ನೋಡಿದರು. ತಮಾಷೆಗೆ ಕೇಳಿದ್ದಲ್ಲ.

"ಹೂಂ, ಅದೇ," ಎಂದು ಕರಡನ್ನು ವಾಪಸು ತೆಗೆದುಕೊಂಡು, ಎಷ್ಟು ಪ್ರತಿ ಬೇಕೆಂದು ಕೇಳಿದರು.