ಒಂದು ತುಂಡು ಕಡಿಮೆಯ ಮನೆ

ಅಕ್ಕಲಕೋಟೆಯ ಧೂಳಪ್ಪ ಬಡಿಗೇರನಷ್ಟು ಅಂಜುಬುರುಕ ಆ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಬೆಕ್ಕು ಅಡ್ಡ ಬಂದರೆ ಮನೆಗೆ ಮರಳಿ ನೀರು ಕುಡಿದು ಹೊರಡುವವನು. ಹಲ್ಲಿ ಲೊಚಗುಟ್ಟಿದರೆ ಕೈಯಲ್ಲಿದ್ದ ಉಳಿ ಕೆಳಗಿಡುವವನು. ಆದರೆ ಮರದ ಕೆಲಸದಲ್ಲಿ ಅವನ ಕೈ ಎಂದೂ ನಡುಗಿದ್ದಿಲ್ಲ. ಬೇವಿನ ತುಂಡುಗಳನ್ನು ಕೊಯ್ದು, ಉಜ್ಜಿ, ಕೆಂಪು ಹಳದಿ ಬಣ್ಣ ಹಚ್ಚಿ, ಮಕ್ಕಳು ಜೋಡಿಸಿ ಕಟ್ಟುವ ಆಟಿಕೆ ಮಾಡುತ್ತಿದ್ದ. ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಕಟ್ಟಡ: ಗುಡಿ, ಗಿರಣಿ, ಮನೆ. ಆಗಾಗ ಚೀಲಕ್ಕೆ ತುಂಬಿ, ಬಸ್ಸಿನ ನೆತ್ತಿಗೇರಿಸಿ, ಸೊಲ್ಲಾಪುರದ ಭಗವಂತ ಶೇಠರ ಅಂಗಡಿಗೆ ಹಾಕಿ ಬರುತ್ತಿದ್ದ.

ಊರು ಮುಂಬಯಿಗೆ ಸೇರುತ್ತದೋ ಮೈಸೂರಿಗೆ ಸೇರುತ್ತದೋ ಎಂದು ಕಟ್ಟೆಯ ಮೇಲೆ ಕೂತವರೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದ ಕಾಲ. ಧೂಳಪ್ಪನಿಗೆ ಆ ಚಿಂತೆ ಇರಲಿಲ್ಲ. ಅವನ ಚಿಂತೆಯೆಲ್ಲ ಮನೆಯ ಪೆಟ್ಟಿಗೆಯದು. ಗುಡಿಯ ಪೆಟ್ಟಿಗೆ ಅಂಗಡಿಗೆ ಹೋದ ವಾರದಲ್ಲೇ ಖಾಲಿ. ಗಿರಣಿಯದನ್ನು ಗಿರಣಿಯ ಕೂಲಿಕಾರರೇ ಕೊಳ್ಳುತ್ತಿದ್ದರು. ದಿನವಿಡೀ ಆ ಗದ್ದಲದಲ್ಲಿ ಬೆಂದು ಬಂದವರು ಮಕ್ಕಳಿಗೂ ಅದನ್ನೇ ಯಾಕೆ ಒಯ್ಯುತ್ತಿದ್ದರೋ, ದೇವರೇ ಬಲ್ಲ. ಮನೆಯ ಪೆಟ್ಟಿಗೆ ಮಾತ್ರ ಹೋದ ದಾರಿಯಲ್ಲೇ ಮರಳಿ ಬರುತ್ತಿತ್ತು.

"ಧೂಳಪ್ಪಾ, ಮತ್ತ ಒಂದು ತುಂಡು ಕಡಿಮಿ ಐತಿ ನೋಡು," ಎಂದು ಶೇಠರು ಪೆಟ್ಟಿಗೆಯನ್ನು ದುಡ್ಡಿನ ಗಲ್ಲೆಯ ಮೇಲೆ ಬೋರಲು ಹಾಕಿದರು. "ಮಾಡಿನ ಕೆಳಗ ಈ ಮೂಲಿ ಖಾಲಿ ಉಳೀತೈತಿ. ಗಿರಾಕಿ ಬಂದು ನನಗ ಬೈತಾರ. ಮರತಿ ಏನು?"

"ಮರತಿಲ್ರಿ ಶೇಠಜಿ. ಬೇಕಂತನ ಬಿಟ್ಟೀನ್ರಿ."

"ಬೇಕಂತ?"

"ಮನಿ ಪೂರಾ ಮುಗಸಬಾರದ್ರಿ. ಮುಗಿದ ಮನಿ ಜೀವ ಕೇಳತೈತಿ."

ಶೇಠರು ನಗಲಿಲ್ಲ, ಕಣ್ಣು ಕಿರಿದು ಮಾಡಿ ನೋಡಿದರು. "ಮತ್ತ ಗುಡಿ ಮುಗಸ್ತಿ? ಗಿರಣಿ ಮುಗಸ್ತಿ?"

"ಗುಡಿ ದೇವರದ್ರಿ, ಅಲ್ಲಿ ಸಾಯವ್ರು ಯಾರದಾರ? ಗಿರಣಿ ಮಾಲಕರದು, ಅವರ ಪಾಪ ಅವರಿಗೆ. ಮನಿ ನಮ್ಮಂಥವರದು ನೋಡ್ರಿ."

"ಮುಂದಿನ ಸಲ ಪೂರಾ ಮಾಡಿ ತಾ, ಇಲ್ಲಾಂದ್ರ ಮನಿ ತರಬ್ಯಾಡ," ಎಂದು ಶೇಠರು ಮಾತು ಮುಗಿಸಿದರು.

ಈ ಭಯ ಅವನು ಸುಮ್ಮನೆ ಹುಟ್ಟಿಸಿಕೊಂಡದ್ದಲ್ಲ. ಆ ಸೀಮೆಯಲ್ಲಿ ಮನೆ ಕಟ್ಟುವವರು ಎಲ್ಲಿಯಾದರೂ ಒಂದು ಮೂಲೆಗೆ ಮಣ್ಣು ಮೆತ್ತಿ ಗಿಲಾವು ಮಾಡದೆ ಬಿಡುವುದು ರೂಢಿ. ಅವನ ಅಪ್ಪನೂ ಅದನ್ನೇ ಹೇಳಿಕೊಟ್ಟು ಸತ್ತಿದ್ದ. ಧೂಳಪ್ಪ ತನ್ನ ಮನೆಗೂ ಹಿತ್ತಲ ಗೋಡೆಯಲ್ಲಿ ಅಂಗೈಯಗಲದ ಜಾಗ ಹಾಗೇ ಬಿಟ್ಟಿದ್ದ. ಅಲ್ಲಿಂದ ಚೇಳು ಬರುತ್ತವೆಂದು ಹೆಂಡತಿ ಸೋಮವ್ವ ಗೊಣಗಿದಾಗ, ಒಂದು ಸಂಜೆ ಮಣ್ಣು ಕಲಸಿ ಮೆತ್ತಿಬಿಟ್ಟ. ಆ ಮಳೆಗಾಲದಲ್ಲೇ ಅಂಬೆಗಾಲಿಡುತ್ತಿದ್ದ ಮಗ ಸಿದ್ರಾಮ ಜ್ವರ ಬಂದು ಹೋದ. ಮಣ್ಣು ಮಾಡಿ ಬಂದ ಧೂಳಪ್ಪ ಮೊದಲು ಮಾಡಿದ ಕೆಲಸವೆಂದರೆ ಉಳಿ ತೆಗೆದುಕೊಂಡು ಆ ಗಿಲಾವನ್ನು ಕೆತ್ತಿ ಕೆಡವಿದ್ದು. ಅಳಲಿಲ್ಲ. ಅಳುವುದಕ್ಕಿಂತ ಹೆದರಿಕೆಯೇ ದೊಡ್ಡದಾಗಿತ್ತು.

ಈಗ ಮತ್ತೊಂದು ಕೂಸು ಹುಟ್ಟಿತ್ತು. ಹೆಣ್ಣುಮಗು, ಪುತಳಾ. ಅಂಜಿದವನ ಮೇಲೆ ಕಪ್ಪೆ ಎಸೆದ ಹಾಗೆ ಶೇಠರ ಮಾತು ಬಂದು ಬಿದ್ದದ್ದು ಇದೇ ಹೊತ್ತಿಗೆ. ಧೂಳಪ್ಪ ಮನೆಯ ಪೆಟ್ಟಿಗೆ ಮಾಡುವುದನ್ನೇ ಬಿಟ್ಟ. ಮಗು ಸೀನಿದರೂ ಕೈಯ ಕೆಲಸ ಬಿಟ್ಟು ಓಡಿ ಬರುತ್ತಿದ್ದ. ನಿದ್ದೆಯಲ್ಲಿದ್ದ ಕೂಸಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುವುದು, ನೋಡಿ ನಂಬಿಕೆ ಬರದೆ ಮತ್ತೆ ಇಡುವುದು. ಸೋಮವ್ವ ನೋಡಿಯೂ ನೋಡದಂತೆ ಇರುತ್ತಿದ್ದಳು.

"ಊರಿಗೆಲ್ಲ ತೊಟ್ಟಲಾ ಮಾಡಿ ಕೊಡ್ತೀರಿ. ನಮ್ಮ ಕೂಸು ಇನ್ನೂ ಸೀರಿ ಜೋಳಗ್ಯಾಗ ಐತಿ," ಎಂದು ಅವಳು ಅಂದ ಮೇಲೆ ತೊಟ್ಟಿಲಿಗೆ ಕೈ ಹಚ್ಚಿದ. ಸುತ್ತಲೂ ಸಣ್ಣ ಕೋಲುಗಳ ಕಟಾಂಜನ, ತಲೆಯ ಕಡೆ ಗಿಳಿ. ಎಲ್ಲ ಕೋಲು ಕೂಡಿಸಿದ, ಕಡೆಯದು ಕೈಯಲ್ಲಿ ಉಳಿಯಿತು. ತೊಟ್ಟಿಲೂ ಒಂದು ಮನೆಯೇ ಅಲ್ಲವೇ, ಮಗುವಿನ ಮನೆ. ಆ ಕೋಲನ್ನು ಕೆಲಸದ ಪೆಟ್ಟಿಗೆಯ ತಳಕ್ಕೆ ಹಾಕಿ, ಖಾಲಿ ಜಾಗ ಗೋಡೆಯ ಕಡೆ ಬರುವಂತೆ ತೊಟ್ಟಿಲು ತೂಗುಹಾಕಿ, ಮೇಲೊಂದು ಕೌದಿ ಇಳಿಬಿಟ್ಟ. ಇನ್ನು ನನ್ನ ಮಗುವನ್ನು ಯಾರೂ ಕೇಳುವುದಿಲ್ಲ ಎಂದು ಅವನಿಗೆ ಅಂದು ಮೊದಲ ಬಾರಿ ಸಮಾಧಾನವಾಯಿತು.

ಪುತಳಾ ಮಗ್ಗಲು ಹೊರಳುವುದನ್ನು ಕಲಿತಳು. ಒಂದು ಮಧ್ಯಾಹ್ನ ಸೋಮವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಧೂಳಪ್ಪ ಪಡಸಾಲೆಯಲ್ಲಿ ಗುಡಿಯ ಕಳಸ ಉಜ್ಜುತ್ತಿದ್ದ. ತೊಟ್ಟಿಲಿನಿಂದ ಬರುತ್ತಿದ್ದ ಗುಣುಗುಣು ನಿಂತುಹೋಗಿತ್ತು. ಮಲಗಿದೆ ಎಂದುಕೊಂಡ. ಆದರೂ ಚಟ ಬಿಡಲಿಲ್ಲ, ಉಸಿರು ನೋಡಲು ಎದ್ದು ಹೋದ. ಹಾಸಿಗೆಯ ಮೇಲೆ ಮಗುವಿನ ತಲೆಯೊಂದೇ ಕಂಡಿತು.

ಮೈಯೆಲ್ಲ ಆ ಖಾಲಿ ಜಾಗದಿಂದ ಆಚೆ ಜಾರಿ ಗೋಡೆಯ ಕಡೆ ಜೋತುಬಿದ್ದಿತ್ತು. ಎರಡು ಕೋಲುಗಳ ನಡುವೆ ಗದ್ದ ಸಿಕ್ಕಿಕೊಂಡಿತ್ತು. ಮುಖ ಕಪ್ಪಿಟ್ಟಿತ್ತು. ಧೂಳಪ್ಪ ನಿಂತಲ್ಲೇ ನಿಂತ. ಅವನ ಕೈಯಿಂದ ಕಳಸ ಬಿದ್ದ ಸಪ್ಪಳಕ್ಕೆ ಸೋಮವ್ವ ಓಡಿ ಬಂದಳು. ಹಿಟ್ಟಿನ ಕೈಯಲ್ಲೇ ಮಗುವನ್ನು ಕೆಳಗಿನಿಂದ ಎತ್ತಿ ಹಿಡಿದು, ತಲೆ ವಾರೆ ಮಾಡಿ ಬಿಡಿಸಿ, ಬೆನ್ನು ತಟ್ಟಿದಳು. ತಟ್ಟಿದಳು, ತಟ್ಟಿದಳು. ಆಮೇಲೆ ಕೂಸು ಒಮ್ಮೆ ಬಿಕ್ಕಿ, ಓಣಿಗೆಲ್ಲ ಕೇಳುವಂತೆ ಅತ್ತಿತು.

ಸೋಮವ್ವ ಕೌದಿ ಸರಿಸಿ ನೋಡಿದಳು. ಖಾಲಿ ಜಾಗದಲ್ಲಿ ಕೈ ಆಡಿಸಿದಳು. ಗಂಡನ ಮುಖ ನೋಡಿದ ಮೇಲೆ ಅವಳು ಏನನ್ನೂ ಕೇಳಬೇಕಾಗಲಿಲ್ಲ.

"ಸಿದ್ರಾಮ ಜ್ವರಕ್ಕ ಹೋದ್ರಿ," ಎಂದಳು, ದನಿ ಏರಿಸದೆ. "ಈ ಕೂಸಿನ ನೀವ ಕಳಿಸಿಬಿಡ್ತಿದ್ರಿ."

ಧೂಳಪ್ಪ ಗೋಡೆಗೊರಗಿ ಕುಸಿದ.

"ಆ ಕೋಲು ಎಲ್ಲೈತಿ? ಹಾಕ್ರಿ ಈಗ. ನಾ ಕೂಸಿನ ಹಿಡಕೊಂಡು ಇಲ್ಲೇ ನಿಂದರತೀನಿ."

ಪೆಟ್ಟಿಗೆಯ ತಳದಿಂದ ಕೋಲು ತೆಗೆದು, ನಡುಗುವ ಕೈಯಿಂದ ತೂತಿಗೆ ಕೂಡಿಸಿ, ಕೊಡತಿಯಿಂದ ಬಡಿದ. ಒಂದೊಂದು ಏಟಿಗೂ ತಿರುಗಿ ಮಗುವನ್ನು ನೋಡುತ್ತಿದ್ದ. ಅದು ತಾಯಿಯ ಕೊರಳಿನ ತಾಳಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು.

ಮುಂದಿನ ಸಲ ಸೊಲ್ಲಾಪುರಕ್ಕೆ ಹೋದ ಮನೆಯ ಪೆಟ್ಟಿಗೆಗಳಲ್ಲಿ ಎಲ್ಲ ತುಂಡುಗಳೂ ಇದ್ದವು. ಒಂದೂ ಮರಳಿ ಬರಲಿಲ್ಲ. "ಗುಡಿಗಿಂತ ಮನಿನ ಜೋರಾಗಿ ಹೊಂಟೈತಿ, ಇನ್ನಷ್ಟು ತಾ," ಎಂದು ಶೇಠರು ಬೆನ್ನು ತಟ್ಟಿದರು. ಧೂಳಪ್ಪನಿಗೆ ಹೆದರಿಕೆ ಇನ್ನೂ ಹೆಚ್ಚಾಯಿತು. ಮಾರಿದ ಒಂದೊಂದು ಪೆಟ್ಟಿಗೆಯೂ ಎಲ್ಲೋ ಮುಗಿದು ನಿಂತ ಒಂದೊಂದು ಮನೆ. ಬಸ್ಸು ಇಳಿದವನೇ ಓಡಿ ಬಂದು, ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದ: "ಕೂಸು ಆರಾಮ ಐತೇನು?" ಹೀಗೇ ಎರಡು ದೀಪಾವಳಿ ಕಳೆದವು, ಭಯ ಕಳೆಯಲಿಲ್ಲ.

ಒಂದು ದಿನ ಪುತಳಾ ಪೆಟ್ಟಿಗೆಯೊಂದನ್ನು ತಾನೇ ಎಳೆದು ತಂದು ಸುರುವಿಕೊಂಡಳು. ಧೂಳಪ್ಪ ಅಷ್ಟು ವರ್ಷ ಆಟಿಕೆ ಮಾಡಿದ್ದನೇ ಹೊರತು ಮಗುವೊಂದು ಅದರಲ್ಲಿ ಆಡುವುದನ್ನು ಕೂತು ನೋಡಿದವನಲ್ಲ. ಗೋಡೆಗಳು ಎದ್ದವು, ಮಾಡು ಕೂತಿತು. ಮೂಲೆಯ ತುಂಡನ್ನು ಅವಳು ಕೈಗೆತ್ತಿಕೊಂಡಾಗ ಅವನು ಕಣ್ಣು ಮುಚ್ಚಿದ. ತುಂಡು ಕೂತ ಸಪ್ಪಳ ಕೇಳಿತು. ಮರುಕ್ಷಣ ದಡದಡ ಎಂದು ಎಲ್ಲ ಉರುಳಿತು.

ಕಣ್ಣು ತೆರೆದರೆ, ಮನೆಯನ್ನು ಕಾಲಿನಿಂದ ಒದ್ದು ಕೆಡವಿದ ಪುತಳಾ ಚಪ್ಪಾಳೆ ತಟ್ಟುತ್ತಾ ನಗುತ್ತಿದ್ದಳು. ಸೊಲ್ಲಾಪುರದಲ್ಲಿ ಮಾರಿದ ಮನೆಗಳೆಲ್ಲ ಹೀಗೇ ದಿನಾ ಬಿದ್ದು ದಿನಾ ಏಳುತ್ತಿರಬೇಕು ಎಂದು ಅವನಿಗೆ ಆಗ ಹೊಳೆಯಿತು. "ಅಪ್ಪಾ, ಮತ್ತ ಕಟ್ಟು," ಎಂದು ಅವಳು ಮೂಲೆಯ ತುಂಡನ್ನೇ ಅವನ ಕೈಗೆ ಕೊಟ್ಟಳು. ಧೂಳಪ್ಪ ಅದನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ಏರಿಸಿದ, ಮಾಡು ಕೂಡಿಸಿದ. ಕಡೆಗೆ ಆ ತುಂಡನ್ನೂ ಇಟ್ಟ. ಇಟ್ಟವನೇ ತಿರುಗಿ ಮಗಳನ್ನು ನೋಡಿದ; ಅವಳು ಒದೆಯಲು ಆಗಲೇ ಕಾಲೆತ್ತಿದ್ದಳು.