ಎದೆಯ ಮೇಲೆ ಎರಡು ಬರೆ

ಆಗ ನಾನು ಬರಗೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರು. ಮಕ್ಕಳಿಗೆ ಬರೆ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಕಂಡಕಂಡವರಿಗೆ ಬುದ್ಧಿ ಹೇಳುವ ಚಟ ನನಗಿತ್ತು. ನಮ್ಮದೋ ಕುರಿ ಕಾಯುವ ಮನೆತನ. ಕುರಿಗೆ ಉಬ್ಬಸ ಬಂದರೂ ಬರೆ, ಕೂಸಿಗೆ ಬಂದರೂ ಬರೆ. ಅವ್ವನ ಕೈಗುಣ ಚೆನ್ನಾಗಿದೆ ಎಂದು ಸುತ್ತಲ ಊರಿನವರೆಲ್ಲ ಬರುತ್ತಿದ್ದರು. ನನ್ನ ಬುದ್ಧಿವಾದ ಕೇಳಲು ಒಬ್ಬರೂ ಬರುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭ. ನಾಲ್ಕು ವರ್ಷದ ಮಗಳು ಸ್ವಲ್ಪ ಓಡಿದರೂ ಕುಕ್ಕರಿಸಿ ಏದುಸಿರು ಬಿಡುತ್ತಿದ್ದಳು. ಶಿರಾದ ಡಾಕ್ಟರು ಅವಳ ಎದೆಬಡಿತವನ್ನು ಬಹಳ ಹೊತ್ತು ಕೇಳಿ ಬೆಂಗಳೂರಿಗೆ ಕಳಿಸಿದರು. ಹುಟ್ಟಿನಿಂದಲೇ ಹೃದಯದಲ್ಲಿ ತೂತಿದೆ, ಎದೆ ಸೀಳಿ ಮುಚ್ಚಬೇಕು, ಬೇರೆ ದಾರಿಯಿಲ್ಲ ಎಂದರು ಅಲ್ಲಿ. ಸರದಿ ಬರಲು ಮೂರು ತಿಂಗಳು.

ಮೂರನೇ ತಿಂಗಳು ಅವಳಿಗೆ ಮಲಗಲೂ ಆಗದಾಯಿತು. ಮಾತ್ರೆಗೆ ಉಬ್ಬಸ ಬಗ್ಗಲಿಲ್ಲ. ಆಪರೇಷನ್ನಿಗೆ ಇನ್ನೂ ಹನ್ನೆರಡು ದಿನವಿತ್ತು. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು.

"ಅವ್ರು ಕುಯ್ಯೋಗಂಟ ಕೂಸು ಉಳೀಬೇಕಲ್ಲ ಕಣ್ಲಾ. ಎಲ್ಡು ಬರೆ ಹಾಕ್ಬುಡ್ತೀನಿ, ಹಿಡ್ಕ."

ಹೆಂಡತಿ ಅಳುತ್ತ ಹೊರಗೆ ಹೋದಳು. ನಾನು ಮಗಳ ಎರಡೂ ಕೈ ಹಿಡಿದೆ. ಅವ್ವ ಕೆಂಪಗೆ ಕಾದ ಕುಡುಗೋಲಿನ ತುದಿಯನ್ನು ಎದೆಗೆ ತಂದಾಗ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸಂಜೆ ಉಬ್ಬಸ ತುಸು ತಗ್ಗಿದಂತೆ ಕಂಡಿತು. ನಾಚಿಕೆಯಿಲ್ಲದೆ ಖುಷಿಪಟ್ಟೆ.

ಹೇಳಿದ ದಿನ ಬೆಂಗಳೂರು ಸೇರುವ ಹೊತ್ತಿಗೆ ಬರೆಗಳು ಕೀವಾಗಿದ್ದವು. ಸೀಳಬೇಕಾದ ಜಾಗದಲ್ಲೇ ಕೀವಿದೆ, ನಂಜು ಹೃದಯಕ್ಕೆ ಇಳಿಯುತ್ತದೆ, ಒಣಗಲಿ ಎಂದು ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಕುರಿ ಕಾಯುತ್ತೇನೆ ಎಂದೆ.

ಗಾಯ ಒಣಗಲಿಲ್ಲ. ಒಂಬತ್ತನೇ ದಿನ ಅದೇ ವಾರ್ಡಿನಲ್ಲಿ ಮಗಳು ತೀರಿಕೊಂಡಳು. ಅವ್ವನ ಮೇಲೆ ಕೂಗಾಡಲು ನನಗೆ ಯಾವ ಮುಖವಿತ್ತು?

ಈಚೆಗೆ ಪಕ್ಕದ ಮನೆಯ ಮಗುವಿಗೂ ಅಂಥದೇ ತೂತು ಎಂದು ಗೊತ್ತಾಯಿತು. ತೊಡೆಯ ರಕ್ತನಾಳದೊಳಗಿಂದ ತೆಳ್ಳನೆಯ ನಳಿಕೆ ತೂರಿಸಿ, ಪುಟ್ಟ ಕೊಡೆಯಂಥದ್ದನ್ನು ಹೃದಯದಲ್ಲಿ ಬಿಚ್ಚಿ ತೂತು ಮುಚ್ಚಿದರಂತೆ. ಎದೆಗೆ ಕತ್ತರಿ ಸೋಕಿಸಲೇ ಇಲ್ಲ. ಮೂರನೇ ದಿನಕ್ಕೆ ಮಗು ಮನೆಯಲ್ಲಿತ್ತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಹೆಂಡತಿ ಆ ಮಗುವನ್ನು ಮಾತಾಡಿಸಿ ಬಂದಳು. ಇಷ್ಟು ವರ್ಷ ಕೇಳದಿದ್ದುದನ್ನು ಅವತ್ತು ಕೇಳಿದಳು.

"ನೀವು ಬ್ಯಾಡ ಅಂದಿದ್ರೆ ಅತ್ತೆ ಕೇಳ್ತಿದ್ರು, ಅಲ್ವ?"

ಕೇಳುತ್ತಿದ್ದಳು. ಮಗ ಮೇಷ್ಟ್ರು ಎಂದು ಅವ್ವನಿಗೆ ಅಷ್ಟು ಹೆಮ್ಮೆಯಿತ್ತು.